ರುಚಿಗೆ ತಕ್ಕಷ್ಟು ಎಂದರೆ ಎಷ್ಟು ಗ್ರಾಂ?

ತಕ್ಕಡಿಯಕ್ಕನನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಅವರು ನನಗೆ ಹೇಳಿದ ಮೊದಲ ಮಾತೇ ಅದು.

"ಒಂಬತ್ತು ಇಪ್ಪತ್ತು. ಬೀಗ ತೆಗೆಯೋದು ಒಂಬತ್ತೂವರೆಗೆ. ನಿಂತಿರಿ."

ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಬಾಗಿಲ ಮುಂದೆ ನಾವಿಬ್ಬರೂ ಹತ್ತು ನಿಮಿಷ ನಿಂತೆವು. ಬೀಗದ ಕೈ ಅವರ ಕೈಯಲ್ಲೇ ಇತ್ತು. ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಮೊಣಕಾಲು ಮುಟ್ಟುವ ನೀಲಿ ಕೋಟು, ಅದರ ಜೇಬಿನಲ್ಲಿ ಎರಡು ಪೆನ್ನು, ನಾಲ್ಕು ಮಡಿಕೆಯಾಗಿ ಮಡಿಸಿದ ಒರೆಸುವ ಬಟ್ಟೆ. ಒಂಬತ್ತೂವರೆಗೆ ಬೀಗ ತೆಗೆದರು. ನನ್ನ ನೇಮಕದ ಪತ್ರವನ್ನು ಮುಂದೆ ಓದಿ, ಹಿಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಓದಿದ್ದು?"

"ಎಂ.ಎಸ್ಸಿ."

"ಪಿಪೆಟ್ ಹಿಡಿಯೋಕೆ ಬರುತ್ತಾ?"

"ಬರುತ್ತೆ."

"ಎಂ.ಎಸ್ಸಿ. ಓದಿದೋರೆಲ್ಲ ಹಾಗೇ ಅಂತಾರೆ. ಹಿಡೀರಿ ನೋಡೋಣ."

ಹಿಡಿದೆ. ಆ ಗಾಜಿನ ಅಳತೆ ನಳಿಗೆಯ ಬಾಯಿಯಿಂದ ನನ್ನ ಹೆಬ್ಬೆರಳನ್ನು ತೆಗೆದು ತೋರುಬೆರಳನ್ನು ಇಟ್ಟರು. ಮನೆತನದಲ್ಲೇ ಮೊದಲ ಪದವೀಧರೆ ಎಂದು ಊರಿನವರೆಲ್ಲ ಹೊಗಳಿ ಕಳಿಸಿದ್ದ ನನ್ನ ಓದು ಹೆಬ್ಬೆರಳಿನಷ್ಟು ಕಡಿಮೆಯಾಯಿತು. ಆ ಸಂಕೋಚದಲ್ಲಿ ಮೇಜಿನ ಕಡೆ ತಿರುಗಿದೆ. ಅಲ್ಲೊಂದು ಶೀಶೆ, ಚೀಟಿ ಕಿತ್ತುಹೋಗಿತ್ತು, ಒಳಗೆ ಬಿಳಿ ಹರಳು. ಹಳ್ಳಿಯ ಅಡುಗೆಮನೆಯಲ್ಲಿ ಬೆಳೆದ ಕೈ. ಉಪ್ಪೋ ಸಕ್ಕರೆಯೋ ನೋಡೋಣ ಎಂದು ಬೆರಳು ತಾನಾಗಿಯೇ ಒಳಗೆ ಹೋಗಿ ತುಟಿಯತ್ತ ಬಂತು. ಅರ್ಧ ದಾರಿಯಲ್ಲಿ ಫಟ್ ಎಂದು ಪೆಟ್ಟು ಬಿತ್ತು.

"ಉಪ್ಪೋ ಸಕ್ಕರೆನೋ ಅಂತ..." ಎಂದೆ.

"ಎರಡೂ ಅಲ್ಲದಿದ್ರೆ? ಯಾವುದು ಅಂತ ಆಮೇಲೆ ಬಂದು ಹೇಳೋರು ಯಾರು, ನೀವೇನಾ? ಕೇಳಿ ಮೇಡಂ, ಈ ಕೋಣೆಯಲ್ಲಿ ನಾಲಿಗೆ ಇರೋದು ಮಾತಾಡೋಕೆ ಮಾತ್ರ. ಅದೂ ಕಡಿಮೆ."

ಹೀಗೆ ನಮ್ಮ ಪರಿಚಯವಾಯಿತು. ಹುದ್ದೆಯಲ್ಲಿ ನಾನು ಪ್ರಯೋಗ ಮಾಡಿ ತೋರಿಸುವ ಡೆಮಾನ್‌ಸ್ಟ್ರೇಟರ್, ಅವರು ಅಟೆಂಡರ್. ಲ್ಯಾಬು ನಡೆಯುತ್ತಿದ್ದುದು ಅವರಿಂದ. ವಿದ್ಯಾರ್ಥಿಗಳ ಮುಂದೆ ನನ್ನನ್ನು ಮೇಡಂ ಎನ್ನುತ್ತಿದ್ದರು, ಮರೆಯಲ್ಲಿ 'ಏ ಹುಡುಗಿ'. ಮಿಲಿಗ್ರಾಂವರೆಗೆ ತೂಗುವ ಗಾಜಿನ ಪೆಟ್ಟಿಗೆಯ ತಕ್ಕಡಿಯನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದಕ್ಕೇ ಇಡೀ ಕಾಲೇಜಿಗೆ ಅವರು ತಕ್ಕಡಿಯಕ್ಕ.

ಅವರು ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ಹಳೆಯ ಅಟೆಂಡರು, ಒಮ್ಮೆ ಏನನ್ನೋ ನೆಕ್ಕಿ ನೋಡಿ ತನಗೆ ಸಿಹಿ ಕಹಿ ತಿಳಿಯದಂತಾಯಿತು ಎಂದು ನಾಲಿಗೆ ಚಾಚಿ ತೋರಿಸಿದರಂತೆ. ಆ ನಾಲಿಗೆಯಲ್ಲಿ ಅಂಥದ್ದೇನು ಕಂಡಿತೋ ಅಕ್ಕ ಹೇಳಲಿಲ್ಲ. ಅಂದಿನಿಂದ ಇಪ್ಪತ್ತೆಂಟು ವರ್ಷ, ತಾವು ಬೆರೆಸಿದ ಯಾವುದನ್ನೂ ಬಾಯಿಗೆ ಇಟ್ಟವರಲ್ಲ. ವಾಸನೆ ನೋಡುವುದಿದ್ದರೂ ಶೀಶೆಯನ್ನು ಒಂದು ಗೇಣು ದೂರ ಹಿಡಿದು, ಅಂಗೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಳ್ಳುತ್ತಿದ್ದರು. ಆ ಅಭ್ಯಾಸ ಕೋಟಿನ ಜೊತೆ ಗೂಟಕ್ಕೆ ನೇತುಬೀಳಲಿಲ್ಲ, ಮನೆಗೂ ಹೋಯಿತು. ಪ್ರಿನ್ಸಿಪಾಲರು ಕೊಟ್ಟ ಹೂಗುಚ್ಛವನ್ನೂ ಅಕ್ಕ ಹಾಗೆಯೇ ಬೀಸಿಕೊಂಡು ಮೂಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೇ ತಿಂಗಳಲ್ಲಿ ಅವರ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಹೋದೆ. ಕೆಳಗೆ ಅಕ್ಕ ಮತ್ತು ಅವರ ಮಾವ. ಅಕ್ಕನ ಗಂಡನಿಗೆ ದೂರದ ಬಂದರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಿದ್ದರು.

ಮಾವ ನಿವೃತ್ತ ಪೋಸ್ಟ್‌ಮ್ಯಾನ್. ಮೂವತ್ತೈದು ವರ್ಷ ನಡೆದ ಮನುಷ್ಯ. ಎಪ್ಪತ್ತೊಂದನೇ ವಯಸ್ಸಿಗೆ ಸೊಂಟದ ಕೀಲು ಸವೆದು, ಕಿಟಕಿಯ ಪಕ್ಕದ ಕುರ್ಚಿಗೆ ಬಂದು ನಿಂತಿತ್ತು ಅವರ ನಡಿಗೆ. ಎದುರಿಗೆ ನಾಲ್ಕು ಕಾಲಿನ ವಾಕರ್. ಕಿಟಕಿಯ ಆಚೆ ಎದೆಮಟ್ಟದ ಗೋಡೆ, ಗೋಡೆಯ ಆಚೆ ಟೈಲರ್ ಮನೆ, ಅಲ್ಲೊಂದು ಕಂದು ಬಣ್ಣದ ನಾಯಿ. ಅದು ಮಾವನ ತಲೆ ಕಿಟಕಿಯಲ್ಲಿ ಕಂಡರೆ ಸಾಕು, ಗಂಟಲು ಹರಿದುಕೊಂಡು ಬೊಗಳುತ್ತಿತ್ತು. ಟೈಲರ್ ಅದಕ್ಕೆ ಏನು ಹೆಸರಿಟ್ಟಿದ್ದರೋ, ಮಾವ ಕರೆಯುತ್ತಿದ್ದುದು 'ಪೋಸ್ಟ್‌ಮಾಸ್ಟರ್' ಎಂದು.

"ಮೂವತ್ತೈದು ವರ್ಷ ಒಬ್ಬ ಹೀಗೇ ಬೊಗಳ್ತಿದ್ದ. ಕಾರಣ ಅವನಿಗೂ ಗೊತ್ತಿರಲಿಲ್ಲ," ಎಂದು ನನಗೆ ವಿವರಿಸಿದರು. "ನಾಯಿ ಅಂದ್ರೆ ನನಗೆ ಆಗೋಲ್ಲ ಕಣಮ್ಮ. ಈ ಎರಡು ಕಾಲಲ್ಲಿ ಒಟ್ಟು ಹನ್ನೊಂದು ಕಡಿತ ಇದೆ. ಹಲ್ಲಿನ ಗುರುತು ನೋಡಿ ಯಾವ ಬೀದಿ ಅಂತ ಹೇಳಬಲ್ಲೆ."

ಆ ಮನೆಯ ಅಡುಗೆಯ ಚರಿತ್ರೆ ಇಲ್ಲಿ ಹೇಳಬೇಕು. ಅಕ್ಕ ಮದುವೆಯಾಗಿ ಬಂದ ಹೊಸತರಲ್ಲಿ ಒಲೆ ಅತ್ತೆಯದು. ಅತ್ತೆ ತೀರಿಕೊಂಡ ಮೇಲೆ ಮಾವನದು. ಅಕ್ಕನದು ಪಾತ್ರೆ ತೊಳೆಯುವ ಕೆಲಸ. ಅವರು ತೊಳೆದ ಲೋಟದಲ್ಲಿ ನೀರು ಹನಿಯಾಗಿ ನಿಲ್ಲುತ್ತಿರಲಿಲ್ಲ, ಹಾಳೆಯಂತೆ ಜಾರುತ್ತಿತ್ತು. ಆ ಮಳೆಗಾಲದಲ್ಲಿ ಮಾವನಿಗೆ ಶ್ವಾಸಕೋಶದ ಜ್ವರ ಬಂದು, ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು, ಇಳಿದು ನಲವತ್ತೆಂಟು ಕಿಲೋ ಆಗಿ ಮನೆಗೆ ಬಂದರು. ಊಟ ಹತ್ತಿರದ ಮೆಸ್ಸಿನಿಂದ ಕ್ಯಾರಿಯರ್‌ನಲ್ಲಿ ಬರತೊಡಗಿತು. ಮಾವ ಅದರಲ್ಲಿ ನಾಲ್ಕು ತುತ್ತು ತಿಂದು ಮುಚ್ಚಳ ಹಾಕುತ್ತಿದ್ದರು.

ಮೂಳೆ ಡಾಕ್ಟರ್ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಸೊಂಟದ ಆಪರೇಷನ್ ಮಾಡಬಹುದು, ಮಾಡಿದರೆ ನಡೆಯಬಹುದು. ಆದರೆ ಈ ತೂಕಕ್ಕೆ, ಈ ರಕ್ತಕ್ಕೆ ಕತ್ತಿ ಹಾಕುವುದಿಲ್ಲ. ಎಂಟು ವಾರದಲ್ಲಿ ಐವತ್ತು ಕಿಲೋ ಆಗಬೇಕು, ರಕ್ತದಲ್ಲಿ ಪ್ರೋಟೀನ್ ಏರಬೇಕು. ಆಗದಿದ್ದರೆ ಆಪರೇಷನ್‌ಗೆ ಗೊತ್ತುಮಾಡಿದ ದಿನ ಬೇರೆಯವರಿಗೆ. ಮತ್ತೆ ಸರದಿ ಬರುವುದು ಒಂದು ವರ್ಷಕ್ಕೆ, ಅಲ್ಲಿಯವರೆಗೆ ಕುರ್ಚಿಯೇ ಗತಿ. ಆಹಾರತಜ್ಞೆ ಒಂದು ಹಾಳೆ ಕೊಟ್ಟರು. ಮಾವನ ಕಟ್ಟಿಸಿದ ಹಲ್ಲಿಗೆ ಗಟ್ಟಿಯದು ಆಗದು ಎಂದು ಅದರಲ್ಲಿ ಮೆತ್ತಗಿನ ಒಂದು ತಿಂಡಿ ಬರೆದಿತ್ತು: ಹೆಚ್ಚು ಪ್ರೋಟೀನಿನ ಪ್ಯಾನ್‌ಕೇಕ್.

ಆ ಸಂಜೆ ಅಕ್ಕ ಹಾಳೆ ಹಿಡಿದು ಮಹಡಿ ಹತ್ತಿ ಬಂದರು.

"ಓಟ್ಸ್ ಪುಡಿ ಐವತ್ತು ಗ್ರಾಂ, ಸರಿ. ಇಡೀ ಮೊಟ್ಟೆ ಒಂದು, ಬರೀ ಬಿಳಿಭಾಗ ಎರಡು, ಸರಿ. ಗಟ್ಟಿ ಮೊಸರು ನೂರು, ಕೆನೆ ತೆಗೆದ ಹಾಲಿನ ಪುಡಿ ಇಪ್ಪತ್ತು, ಬೇಕಿಂಗ್ ಪೌಡರ್ ಮೂರು. ಎಲ್ಲಾ ಸೇರಿ ಪ್ರೋಟೀನ್ ಮೂವತ್ತು ಗ್ರಾಂ. ಲೆಕ್ಕ ಹಾಕಿ ನೋಡ್ದೆ, ಸರಿಯಾಗೇ ಇದೆ. ಆದ್ರೆ ಇದೇನು ಹುಡುಗಿ? 'ಉಪ್ಪು, ಸಿಹಿ, ಹಣ್ಣು: ರುಚಿಗೆ ತಕ್ಕಷ್ಟು.' ರುಚಿಗೆ ತಕ್ಕಷ್ಟು ಅಂದ್ರೆ ಎಷ್ಟು ಗ್ರಾಂ?"

"ಅದು ಒಬ್ಬೊಬ್ಬರಿಗೆ ಒಂದೊಂದು ಥರ ಅಕ್ಕ."

"ಒಬ್ಬೊಬ್ಬರಿಗೆ ಒಂದೊಂದು ಅಂದ್ರೆ ಅದು ಅಳತೆನಾ?"

"ಅಂದಾಜಲ್ಲಿ..."

"ಅಂದಾಜು!" ಎಂದರು, ನಾನು ಏನೋ ಆಡಬಾರದ ಮಾತು ಆಡಿದಂತೆ. "ಅಳತೆ ಇಲ್ಲ ಅಂದ್ಮೇಲೆ ಅದು ಮುಖ್ಯ ಅಲ್ಲ ಅಂತ ಅರ್ಥ. ಮುಖ್ಯ ಆಗಿದ್ರೆ ಬರೀತಿರಲಿಲ್ವಾ?" ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದರು. ಆಗಲೇ ನಾನು ಬಾಯಿ ಬಿಡಬೇಕಿತ್ತು. ನಮ್ಮ ಅಮ್ಮ ಹಿಡಿ, ಚಿಟಿಕೆ, ಬೊಗಸೆ ಎಂಬ ಮೂರೇ ಅಳತೆಯಲ್ಲಿ ಇಡೀ ಮನೆಯ ಹೊಟ್ಟೆ ತುಂಬಿಸಿದವಳು. ಆದರೆ ಪಿಪೆಟ್ ಮೇಲೆ ಸರಿಯಾದ ಬೆರಳು ಇಡಲು ಬಾರದ ಎಂ.ಎಸ್ಸಿ.ಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಮರುದಿನ ಬೆಳಿಗ್ಗೆ ಐದೂವರೆಗೆ ಕೆಳಗಿನಿಂದ ಪಾತ್ರೆಗಳ ಸದ್ದು ಕೇಳಿತು. ಇಳಿದು ಹೋದೆ. ಅಡುಗೆಮನೆ ಅಡುಗೆಮನೆಯಾಗಿ ಉಳಿದಿರಲಿಲ್ಲ. ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ, ಅದರ ಪಕ್ಕ ಅಂಚು ಮಡಿಸಿದ ಕಾಗದಗಳಲ್ಲಿ ಓಟ್ಸ್, ಹಾಲಿನ ಪುಡಿ, ಬೇಕಿಂಗ್ ಪೌಡರ್. ಪ್ರತಿಯೊಂದರ ಮುಂದೆ ಚೀಟಿ. ಮೊಟ್ಟೆಯ ಬಿಳಿಭಾಗವನ್ನು ಗಾಜಿನ ಕಡ್ಡಿಯ ಮೇಲಿಂದ ಹನಿಯೂ ಚೆಲ್ಲದಂತೆ ಇಳಿಸುತ್ತಿದ್ದರು. ಹಿಟ್ಟನ್ನು ಜಾಲರಿಯಲ್ಲಿ ಸೋಸಿ, ಗಡಿಯಾರ ನೋಡಿ ಹತ್ತು ನಿಮಿಷ ಬಿಟ್ಟರು. ಬಾಣಲೆಯ ಎಣ್ಣೆಗೆ ಥರ್ಮಾಮೀಟರ್ ಮುಟ್ಟಿಸಿದರು. ಅಳತೆ ಲೋಟದಿಂದ ಹುಯ್ದು, ಸ್ಕೇಲಿಟ್ಟು ನೋಡಿ, "ಹನ್ನೆರಡು ಸೆಂಟಿಮೀಟರ್" ಎಂದು ತಮಗೆ ತಾವೇ ಹೇಳಿಕೊಂಡರು. ಗುಳ್ಳೆ ಎದ್ದು ಒಡೆದಾಗ ಮಗುಚಿದರು. ತಟ್ಟೆಯಲ್ಲಿ ನಾಲ್ಕು ಪ್ಯಾನ್‌ಕೇಕ್ ಬಿದ್ದವು. ಒಂದೇ ಅಚ್ಚಿನ ನಾಲ್ಕು ಚಂದ್ರ. ಅಕ್ಕ ಒಂದು ಗೇಣು ದೂರದಿಂದ ಅಂಗೈ ಬೀಸಿ ಮೂಸಿ, "ಆಯ್ತು," ಎಂದರು.

ಮಾವ ಒಂದು ತುಂಡು ಮುರಿದು ಬಾಯಿಗಿಟ್ಟರು. ಅಗಿದರು. ಅಗಿದರು. ಕಣ್ಣು ಕಿಟಕಿಯ ಆಚೆ ಎಲ್ಲೋ ಹೋಗಿ ನಿಂತಿತು.

"ಹೇಗಿದೆ ಮಾವ?"

"ಬಹಳ..." ಮಾವ ಮಾತು ಹುಡುಕಿದರು. "ಬಹಳ ಗುಂಡಗಿದೆ ಮಗಳೇ."

ಅಕ್ಕನ ಮುಖ ಅರಳಿತು. ಮೊದಲ ದಿನವೆಂದು ನನಗೂ ಅಂಥದೇ ಒಂದನ್ನು ಬೇರೆಯಾಗಿ ಮಾಡಿಕೊಟ್ಟರು. ಹೇಗಿತ್ತು ಎಂದು ನ್ಯಾಯವಾಗಿ ಹೇಳುತ್ತೇನೆ. ಮಳೆಯಲ್ಲಿ ನೆನೆದು ಒಣಗಿದ ರಟ್ಟಿಗೆ ಮೊಟ್ಟೆಯ ನೆನಪು ಬಂದಂತಿತ್ತು. ಉಪ್ಪು ಎಳ್ಳಷ್ಟೂ ಇಲ್ಲ, ಸಿಹಿಯ ಸುಳಿವಿಲ್ಲ, ಕೊನೆಗೆ ನಾಲಿಗೆಯ ಹಿಂದೆ ಬೇಕಿಂಗ್ ಪೌಡರಿನ ಒಗರು. ನಮ್ಮ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಹುಳುಕು ತೆಗೆದರೆ ಬಡಿಸಿದವರನ್ನೇ ಬೈದಂತೆ.

"ಚೆನ್ನಾಗಿದೆ ಅಕ್ಕ," ಎಂದೆ.

"ನೀವು ಒಂದು ತಿನ್ನಿ ಅಕ್ಕ," ಎಂದೂ ಸೇರಿಸಿದೆ, ದೇವರೇ, ಇವರೊಮ್ಮೆ ತಿನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡು.

"ನಾನಾ? ಅವರ ಮೂವತ್ತು ಗ್ರಾಂನಲ್ಲಿ ನಾನು ಒಂದು ತುಂಡು ಮುರಿದ್ರೆ ಅದು ಇಪ್ಪತ್ತೆಂಟಾಗುತ್ತೆ. ಇದು ಔಷಧಿ ಹುಡುಗಿ, ಹಂಚ್ಕೊಂಡು ತಿನ್ನೋಕಾಗುತ್ತಾ?"

ಗೋಡೆಗೆ ಒಂದು ನೋಟ್‌ಪುಸ್ತಕ ನೇತುಬಿತ್ತು. ದಿನಾಂಕ, ಕೊಟ್ಟದ್ದು, ಉಳಿದದ್ದು. 'ಉಳಿದದ್ದು' ಎಂಬ ಕಡೆ ದಿನವೂ ಸೊನ್ನೆ. ಅಕ್ಕ ಬಟ್ಟೆ ಒಗೆದು ಬರುವಷ್ಟರಲ್ಲಿ ಮಾವನ ತಟ್ಟೆ ಖಾಲಿ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ತೂಕ. ಮಾವ ವಾಕರ್ ಹಿಡಿದು ಯಂತ್ರದ ಮೇಲೆ ಹತ್ತಿ, ಎರಡು ಕ್ಷಣ ಕೈ ಬಿಟ್ಟು ನಿಲ್ಲಬೇಕು. ಮೊದಲ ವಾರ ನಲವತ್ತೆಂಟು. ಎರಡನೇ ವಾರ ನಲವತ್ತೆಂಟಕ್ಕೆ ನೂರು ಗ್ರಾಂ ಕಡಿಮೆ. ಮೂರನೇ ವಾರ ಇನ್ನೂ ನೂರು ಕಡಿಮೆ.

ಅಕ್ಕ ಮೊದಲು ಯಂತ್ರವನ್ನು ಅನುಮಾನಿಸಿದರು. ಹತ್ತು ಒಂದು-ಲೀಟರ್ ಬಾಟಲಿಗಳಲ್ಲಿ ನೀರು ತುಂಬಿ ಅದರ ಮೇಲೆ ಪೇರಿಸಿ ಪರೀಕ್ಷಿಸಿದರು. ಯಂತ್ರ ನಿರಪರಾಧಿ. ಮೊಟ್ಟೆಯ ಅಂಗಡಿಯವನನ್ನು ಅನುಮಾನಿಸಿ ಅಂಗಡಿ ಬದಲಿಸಿದರು. ಆ ನಡುವೆ ಗಂಡ ಬಂದರು. ಬೆಳಿಗ್ಗೆ ಅವರಿಗೂ ಎರಡು ಮಾಡಿಕೊಟ್ಟರು. ಅವರು ತಿಂದರು. ನಾಲ್ಕು ದಿನ ಇರಲು ಬಂದವರಿಗೆ ಮಧ್ಯಾಹ್ನವೇ ಬಂದರಿನಲ್ಲಿ ತುರ್ತು ಕೆಲಸ ನೆನಪಾಯಿತು.

ನಾಲ್ಕನೇ ಭಾನುವಾರ ನಲವತ್ತೇಳು ಕಿಲೋ ಆರುನೂರು ಗ್ರಾಂ. ಅಂದು ಸಂಜೆ ಅಕ್ಕ ಮಹಡಿ ಮೆಟ್ಟಿಲ ಮೇಲೆ ಕುಳಿತಿದ್ದರು.

"ಇನ್ನು ನಾಲ್ಕೇ ವಾರ," ಎಂದರು. "ಅವರು ನಡೆದೇ ಬದುಕಿದೋರು. ಆ ಕುರ್ಚಿಯಲ್ಲೇ... ಇರ್ಲಿ ಬಿಡು. ವಸ್ತು ನಾಶ ಆಗೋಲ್ಲ ಅಂತ ನೀವೇ ತಾನೇ ಪಾಠ ಮಾಡೋದು? ದಿನಾ ಇನ್ನೂರ ನಲವತ್ತು ಗ್ರಾಂ ಆ ತಟ್ಟೆಯಿಂದ ಹೋಗ್ತಿದೆ. ಮಾವನೊಳಗೆ ಇಲ್ಲ. ಹಾಗಾದ್ರೆ ಎಲ್ಲೋ ಇರಲೇಬೇಕು. ಎಲ್ಲಿ?"

ಉತ್ತರ ಮಾರನೇ ದಿನ ಬೆಳಿಗ್ಗೆ ಗೋಡೆಯ ಆಚೆಯಿಂದ ಬಂತು. ಟೈಲರ್ ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಕೈಯಲ್ಲಿ ಒಂದು ಸಣ್ಣ ಕೋಟು ಹಿಡಿದು ನಿಂತಿದ್ದರು.

"ಅಕ್ಕ, ಮೂವತ್ತು ವರ್ಷದಲ್ಲಿ ನಾನು ಒಂದೇ ಒಂದು ಅಳತೆ ತಪ್ಪಿಲ್ಲ. ಚಳಿಗಾಲ ಬಂತಲ್ಲ ಅಂತ ಇವನಿಗೆ ಹೋದ ತಿಂಗಳು ಕೋಟು ಹೊಲಿದೆ. ಇವತ್ತು ಗುಂಡಿ ಹಾಕೋಕೆ ಹೋದ್ರೆ ನಾಲ್ಕು ಇಂಚು ಕಮ್ಮಿ. ಬಟ್ಟೆ ಕುಗ್ಗಿತಾ ಅಂತ ನೋಡ್ದೆ. ಬಟ್ಟೆ ಸರಿ ಇದೆ, ನಾಯಿ ಹಿಗ್ಗಿದೆ."

ಅಕ್ಕ ನಾಯಿಯನ್ನು ನೋಡಿದರು. ನಾಯಿ ಅಕ್ಕನನ್ನು ನೋಡಲಿಲ್ಲ. ಅದು ಮಾವನ ಕಿಟಕಿಯತ್ತ ಮುಖ ಮಾಡಿ, ಬಾಲ ನೆಲಕ್ಕೆ ಬಡಿಯುತ್ತ, ಭಕ್ತನಂತೆ ಕುಳಿತಿತ್ತು. ಆಗ ನನಗೂ ಹೊಳೆಯಿತು: ಮೂರು ವಾರದಿಂದ ಅದು ಬೊಗಳಿದ್ದನ್ನು ನಾನು ಕೇಳಿಯೇ ಇಲ್ಲ.

"ಇವನ ತೂಕ ಎಲ್ಲಾದ್ರೂ ಬರೆದಿದೆಯಾ?" ಅಕ್ಕ ಕೇಳಿದರು.

"ಇಂಜೆಕ್ಷನ್ ಕಾರ್ಡಲ್ಲಿದೆ. ಎರಡು ತಿಂಗಳ ಹಿಂದೆ ಇಪ್ಪತ್ತನಾಲ್ಕು ಕಿಲೋ."

"ಹುಡುಗಿ, ಯಂತ್ರ ತಗೊಂಡು ಬಾ."

ನಾಯಿ ಯಂತ್ರದ ಮೇಲೆ ನಿಲ್ಲಲು ಒಪ್ಪಲಿಲ್ಲ. ಕೊನೆಗೆ ನಾನೇ ಅದನ್ನು ತಬ್ಬಿ ಎತ್ತಿಕೊಂಡು ಹತ್ತಿದೆ. ಅದು ನನ್ನ ಕಿವಿ ನೆಕ್ಕಿತು. ಅಕ್ಕ ಬರೆದುಕೊಂಡು, "ಇಳಿ. ನಾಯಿ ಬಿಡು. ಈಗ ಒಬ್ಬಳೇ ಹತ್ತು," ಎಂದರು. ಟೈಲರ್ ಮುಂದೆ ನನ್ನ ತೂಕ ಗಟ್ಟಿಯಾಗಿ ಓದಿ, ಕಳೆದು, ಗೆರೆ ಎಳೆದರು. ಇಪ್ಪತ್ತೇಳು ಕಿಲೋ ಇನ್ನೂರು. ಮೂರು ಕಿಲೋ ಇನ್ನೂರು ಗ್ರಾಂ ಸಿಕ್ಕಿಬಿದ್ದಿತ್ತು.

ಅಕ್ಕ ನೋಟ್‌ಪುಸ್ತಕ ಹಿಡಿದು ಒಳಗೆ ಹೋದರು. ಹಿಂದೆ ನಾನು. ಮಾವನ ತಟ್ಟೆಯಲ್ಲಿ ಎರಡು ಉಳಿದಿದ್ದವು. ಒಂದು ಕೈಯಲ್ಲಿತ್ತು, ಎಸೆಯುವ ಹದದಲ್ಲಿ.

"ಮಾವ."

ಮಾವ ಕೈ ಇಳಿಸಿದರು.

"ಎಷ್ಟು ದಿನದಿಂದ?"

"ಎರಡನೇ ದಿನದಿಂದ," ಎಂದರು ಮಾವ. "ದಿನಾ ಒಂದು ತಿಂತಿದ್ದೆ, ಸುಳ್ಳು ಹೇಳೋಲ್ಲ. ಉಳಿದ ಮೂರು ಪೋಸ್ಟ್‌ಮಾಸ್ಟರ್‌ಗೆ."

"ಕಿಟಕಿ ಸರಳಿನ ಸಂದಿಯಿಂದ, ಗೋಡೆ ದಾಟಿಸಿ? ಅದೂ ಕೂತಲ್ಲಿಂದ?"

ಮಾವನ ಮುಖದಲ್ಲಿ ನಾಚಿಕೆಯ ನಡುವೆಯೂ ಸ್ವಲ್ಪ ಬೆಳಕು ಬಂತು. "ಗೇಟು ಹಾಕಿದ ಮನೆ, ಒಳಗೆ ನಾಯಿ, ಕಾಗದ ಜಗಲಿ ಮೇಲೆ ಬೀಳ್ಬೇಕು. ಮೂವತ್ತೈದು ವರ್ಷ ಮಣಿಕಟ್ಟು ತಿರುಗಿಸಿದ್ದೀನಿ ಮಗಳೇ. ನಿನ್ನ ಪ್ಯಾನ್‌ಕೇಕ್ ಎಲ್ಲಾ ಒಂದೇ ಅಳತೆ, ಒಂದೇ ತೂಕ. ಒಂದೂ ಗುರಿ ತಪ್ಪಲಿಲ್ಲ."

"ಅದೇನು ಹೊಗಳಿಕೆನಾ?" ಅಕ್ಕನ ದನಿ ಒಡೆಯಿತು. "ನೀವು ನಡೀಬೇಕು ಅಂತ ನಾನು ಐದೂವರೆಗೆ ಎದ್ದು ಮೊಟ್ಟೆ ತೂಗ್ತಿದ್ರೆ, ನೀವು ನಾಯಿ ಸಾಕ್ತಿದ್ದೀರಿ! ಹನ್ನೊಂದು ಸಲ ಕಚ್ಚಿಸ್ಕೊಂಡೋರು!"

"ನೀನು ಐದೂವರೆಗೆ ಏಳ್ತೀಯಲ್ಲ, ಅದಕ್ಕೇ ಹೇಳೋಕೆ ಬಾಯಿ ಬರಲಿಲ್ಲ," ಎಂದರು ಮಾವ. ಕೈಯಲ್ಲಿದ್ದುದನ್ನು ಅಕ್ಕನತ್ತ ಚಾಚಿದರು. "ಜಗಳ ಆಮೇಲೆ ಆಡೋಣ. ಮೊದ್ಲು ಒಂದು ಚೂರು ಬಾಯಿಗೆ ಹಾಕ್ಕೋ."

ಅಕ್ಕ ತೆಗೆದುಕೊಂಡರು. ಕೈ ತಾನಾಗಿಯೇ ಒಂದು ಗೇಣು ದೂರ ಹೋಯಿತು, ಇನ್ನೊಂದು ಕೈಯ ಅಂಗೈ ಬೀಸತೊಡಗಿತು.

"ಮೂಸೋದಲ್ಲ. ತಿನ್ನು."

ಇಪ್ಪತ್ತೆಂಟು ವರ್ಷದ ಅಭ್ಯಾಸ ಎದುರಿಗೆ ನಿಂತಿದ್ದನ್ನು ನಾನು ನೋಡಿದೆ. ತುಂಡು ತುಟಿಯವರೆಗೆ ಹೋಗಿ ಎರಡು ಸಲ ಹಿಂದಕ್ಕೆ ಬಂತು. ಮೂರನೇ ಸಲ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಅಗಿದರು. ನಿಂತರು. ಮತ್ತೆ ಅಗಿದರು. ಮುಖ ಹುಳ್ಳಗಾಯಿತು, ಆಮೇಲೆ ಪೆಚ್ಚಾಯಿತು. ಕಷ್ಟಪಟ್ಟು ನುಂಗಿ, ನೋಟ್‌ಪುಸ್ತಕ ಬಿಡಿಸಿ, ಪೆನ್ನು ತೆಗೆದು ಆ ದಿನದ ಸಾಲಿನಲ್ಲಿ ಬರೆದರು: 'ತಿನ್ನಲು ಯೋಗ್ಯವಲ್ಲ.' ಕೆಳಗೆ ಸಹಿ ಹಾಕಿದರು.

ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಮೊದಲ ದಿನ ತಿಂದಿದ್ದೆ."

"ಹೌದಕ್ಕ."

"ಚೆನ್ನಾಗಿದೆ ಅಂದಿದ್ದೆ."

ನಾನು ಖಾಲಿ ಲೋಟ ಎತ್ತಿಕೊಳ್ಳಲು ಬಗ್ಗಿದೆ.

"ಸುಳ್ಳು ರೀಡಿಂಗ್ ಕೊಟ್ಟೆ," ಎಂದರು ಅಕ್ಕ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ನಾಲ್ಕು ವಾರ ದಂಡವಾದದ್ದಕ್ಕೆ ನನ್ನ ಪಾಲೂ ಇತ್ತು. ಆ ದಿನ ಕಾಲೇಜಿನಲ್ಲಿ ಬ್ಯುರೆಟ್ ಎಂಬ ಉದ್ದ ಗಾಜಿನ ನಳಿಗೆಗಳನ್ನೆಲ್ಲ ನಾನೇ ತೊಳೆದೆ.

ಅಂದು ಸಂಜೆ ಪ್ರಯೋಗ ಶುರುವಾಯಿತು. ಹೊಡೆದು ಹಾಕಿದ್ದ ಸಾಲನ್ನು ಅಕ್ಕ ಹೊಸ ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದರು. ಹಿಟ್ಟನ್ನು ಒಂಬತ್ತು ಬಟ್ಟಲಿಗೆ ಹಂಚಿದರು. ಒಂದಕ್ಕೆ ಉಪ್ಪು ಕಾಲು ಗ್ರಾಂ, ಇನ್ನೊಂದಕ್ಕೆ ಅರ್ಧ. ಒಂದಕ್ಕೆ ಹಿಸುಕಿದ ಬಾಳೆಹಣ್ಣು, ಒಂದಕ್ಕೆ ಜೇನು, ಒಂದಕ್ಕೆ ದಾಲ್ಚಿನ್ನಿ. ರೂಪಾಯಿಯಗಲದ ಪ್ಯಾನ್‌ಕೇಕುಗಳು ಸಾಲಾಗಿ ಬಂದವು. ಮಾವ ತಿನ್ನಬೇಕು, ಅಕ್ಕ ಅವರ ಮುಖ ನೋಡಿ ಬರೆದುಕೊಳ್ಳಬೇಕು.

"ಮಾವ, ಬಾಯಿಮಾತು ಬೇಡ. ನಿಮ್ಮ ಬಾಯನ್ನ ನಂಬಿ ಕೆಟ್ಟೆ. ಹುಬ್ಬು ಸಾಕು."

ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿತು. ಐದನೆಯದಕ್ಕೆ ಸಡಿಲಾಯಿತು. ಏಳನೆಯದನ್ನು ತಿಂದು ಮಾವ ಏನೂ ಹೇಳದೆ, ಹುಬ್ಬನ್ನೂ ಅಲ್ಲಾಡಿಸದೆ, ಕೈ ಚಾಚಿ ಅದೇ ಬಟ್ಟಲಿನ ಇನ್ನೊಂದನ್ನು ತೆಗೆದುಕೊಂಡರು.

"ಸಿಕ್ತು ನೋಡು!" ಎಂದು ಅಕ್ಕ ಪೆನ್ನು ಎತ್ತಿದರು, ಬಣ್ಣ ತಿರುಗಿದ ದ್ರಾವಣ ಕಂಡವರಂತೆ. ನಂತರ ಯಾರೂ ಹೇಳದೆ, ತಾವೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಲಿಲ್ಲ. ರುಚಿಗೆ ತಕ್ಕಷ್ಟು ಎಂದರೆ ಉಪ್ಪು ಒಂದು ಗ್ರಾಂನ ಹತ್ತರಲ್ಲಿ ಎಂಟು ಪಾಲು, ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಅರವತ್ತು ಗ್ರಾಂ, ದಾಲ್ಚಿನ್ನಿ ಅರ್ಧ ಗ್ರಾಂ. ಬೇಕಿಂಗ್ ಪೌಡರ್ ಮೂರರಿಂದ ಎರಡಕ್ಕೆ ಇಳಿಯಿತು, ಒಗರು ಹೋಯಿತು.

ಐದನೇ ವಾರ ನಲವತ್ತೆಂಟಕ್ಕೆ ಮುಟ್ಟಿದರು. ಆರನೇ ವಾರ ನಲವತ್ತೆಂಟು ಏಳುನೂರು. ಬಾಯಿ ರುಚಿ ತಿರುಗಿ ಮೆಸ್ಸಿನ ಊಟವೂ ಒಳಗೆ ಹೋಗತೊಡಗಿತು. ಏಳನೇ ವಾರ ನಲವತ್ತೊಂಬತ್ತು ಮುನ್ನೂರು. ಗೋಡೆಯ ಆಚೆ ಪೋಸ್ಟ್‌ಮಾಸ್ಟರ್ ಮತ್ತೆ ಬೊಗಳತೊಡಗಿತು. ಈ ಸಲ ಅದರ ಬಳಿ ಕಾರಣವಿತ್ತು.

ಎಂಟನೇ ವಾರದ ಕೊನೆಯ ದಿನ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಎರಡು ದಿನ ಮೊದಲು ಕೊಟ್ಟ ರಕ್ತದ ವರದಿ ಫೈಲಿನಲ್ಲಿತ್ತು, ಪ್ರೋಟೀನ್ ಏರಿತ್ತು. ಉಳಿದದ್ದು ತೂಕ. ನರ್ಸಮ್ಮ ಮಾವನನ್ನು ಯಂತ್ರದ ಮೇಲೆ ನಿಲ್ಲಿಸಿದರು. ಐವತ್ತು ಕಿಲೋ ನೂರು ಗ್ರಾಂ.

ನನ್ನ ಬಾಯಿಂದ "ಅಬ್ಬ!" ಎಂಬುದು ಹೊರಬಂತು. ಅಕ್ಕ ನಗಲಿಲ್ಲ. ಯಂತ್ರದ ಮುಳ್ಳನ್ನು ನೋಡಿದರು, ಮಾವನನ್ನು ನೋಡಿದರು, ಮಾವನ ಪ್ಯಾಂಟಿನ ಬಲಗಡೆ ಜೇಬು ಸ್ವಲ್ಪ ಜೋತುಬಿದ್ದದ್ದನ್ನು ನೋಡಿದರು.

"ಜೇಬಲ್ಲೇನಿದೆ ಮಾವ?"

"ಕರವಸ್ತ್ರ."

"ತೆಗೀರಿ."

ಮಾವ ತೆಗೆದರು. ಕರವಸ್ತ್ರದಲ್ಲಿ ಸುತ್ತಿದ ಹಳೆಯ ಹಿತ್ತಾಳೆ ಬೀಗ, ಅಂಚೆ ಚೀಲಕ್ಕೆ ಹಾಕುತ್ತಿದ್ದುದು. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದರು.

"ಯಾರೂ ನೋಡ್ತಿರಲಿಲ್ಲ ಮಗಳೇ," ಎಂದು ಮಾವ ಪಿಸುಗುಟ್ಟಿದರು. "ನನಗೆ ನಡೀಬೇಕು."

"ನನಗೂ ನೀವು ನಡೀಬೇಕು," ಎಂದರು ಅಕ್ಕ. "ಆದ್ರೆ ಬೀಗಕ್ಕೆ ಆಪರೇಷನ್ ಮಾಡೋಲ್ಲ ಅವರು. ನಿಮಗೆ ಮಾಡೋದು. ಸುಳ್ಳು ರೀಡಿಂಗ್ ಮೇಲೆ ನಿಮ್ಮನ್ನ ಆ ಮೇಜಿನ ಮೇಲೆ ಮಲಗಿಸೋಕೆ ನನ್ನಿಂದ ಆಗೋಲ್ಲ. ಇನ್ನೊಂದು ಸಲ ಹತ್ತಿ."

ನಲವತ್ತೊಂಬತ್ತು ಕಿಲೋ ಎಂಟುನೂರು. ಇನ್ನೂರು ಗ್ರಾಂ ಕಡಿಮೆ. ನರ್ಸಮ್ಮನ ಪೆನ್ನು ಕಾಗದದ ಮೇಲೆ ನಿಂತಿತ್ತು. ಆಗ ಮಾವ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ಬೆಳಿಗ್ಗೆ ಅವಸರದಲ್ಲಿ ಮಾವ ಒಂದನ್ನೇ ತಿಂದಿದ್ದರು, ಉಳಿದ ಮೂರು ಪ್ಯಾನ್‌ಕೇಕನ್ನು ಅಕ್ಕ ಅದರಲ್ಲಿ ಹಾಕಿ ತಂದಿದ್ದರು.

"ಅದರಲ್ಲಿ ಎಷ್ಟಿದೆ?" ಎಂದು ಕೇಳಿದರು ಮಾವ.

"ತಲಾ ಎಪ್ಪತ್ತು," ಎಂದರು ಅಕ್ಕ. "ಒಟ್ಟು ಇನ್ನೂರ ಹತ್ತು ಗ್ರಾಂ." ಹೇಳಿ ಮುಗಿಸುವಷ್ಟರಲ್ಲಿ ಅವರಿಗೂ ಅರ್ಥವಾಯಿತು.

"ಹೊಟ್ಟೆಯೊಳಗಿರೋದು ಸುಳ್ಳು ರೀಡಿಂಗಾ?"

ಅಕ್ಕ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು; ಅರ್ಧ ನಿಮಿಷ ಹಿಡಿಯಿತು. "ಇಲ್ಲ," ಎಂದರು. "ಅದು ದಿನದ ಪಾಲು. ಎಂಟು ಗಂಟೆಗೇ ಒಳಗಿರಬೇಕಿತ್ತು. ತಡ ಆಗಿದೆ ಅಷ್ಟೇ."

ಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮೂರನ್ನೂ ತಿಂದರು. ಅವಸರ ಮಾಡಲಿಲ್ಲ, ಒಂದು ಚೂರೂ ಉದುರಿಸಲಿಲ್ಲ. ಆಮೇಲೆ ಹತ್ತಿ ನಿಂತು ವಾಕರ್‌ನಿಂದ ಕೈ ಬಿಟ್ಟರು. ಮುಳ್ಳು ಅತ್ತ ಇತ್ತ ಆಡಿ ಐವತ್ತರ ಗೆರೆಯ ಮೇಲೆ ಬಂದು ಕುಳಿತಿತು. ಅಕ್ಕನೇ ನರ್ಸಮ್ಮನಿಗೆ ಹೇಳಿ, 'ತಿಂಡಿಯ ನಂತರ' ಎಂದು ಪಕ್ಕದಲ್ಲಿ ಬರೆಸಿದರು. ಡಾಕ್ಟರ್ ಓದಿ, ತಲೆ ಎತ್ತಿ ಮೂವರನ್ನೂ ನೋಡಿ, "ರಕ್ತದ ವರದಿ ಚೆನ್ನಾಗಿದೆ, ಅದೇ ನನಗೆ ಮುಖ್ಯ. ಸೋಮವಾರ ಬಂದು ಅಡ್ಮಿಟ್ ಆಗಿ," ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ಆ ಬೀಗವನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡಿದ್ದರು, ವಾಪಸ್ ಕೊಡಲಿಲ್ಲ.

ಇದೆಲ್ಲ ನಡೆದು ಎರಡು ವರ್ಷವಾಯಿತು. ಮಾವ ಈಗ ಬೆತ್ತ ಹಿಡಿದು ಬೀದಿಯ ಕೊನೆಯವರೆಗೆ ನಡೆಯುತ್ತಾರೆ. ಜೊತೆಯಲ್ಲಿ ಗುಂಡಿ ಬಿಚ್ಚಿದ ಕೋಟು ತೊಟ್ಟ ಪೋಸ್ಟ್‌ಮಾಸ್ಟರ್ ಇರುತ್ತದೆ. ತಕ್ಕಡಿಯಕ್ಕ ಬೆಳಿಗ್ಗೆ ಐದೂವರೆಗೆ ಎದ್ದು ಐದು ಪ್ಯಾನ್‌ಕೇಕ್ ಮಾಡುತ್ತಾರೆ. ಮೊದಲನೆಯದನ್ನು ತಾವು ತಿಂದು ನೋಡಿ, ನಾಲ್ಕನ್ನು ಮಾವನಿಗೆ ಕೊಟ್ಟು, ಒಂಬತ್ತೂವರೆಗೆ ಲ್ಯಾಬಿನ ಬೀಗ ತೆಗೆಯುತ್ತಾರೆ.